ಕ್ಯಾಲೆಂಡರಿನ ಗದ್ದೆ

ಇಷ್ಟೆಲ್ಲ ಆದದ್ದು ಒಂದು ಕ್ಯಾಲೆಂಡರಿನಿಂದ.

ಮಸ್ಕತ್ತಿನ ಅಲ್ ಮಬೇಲಾದಲ್ಲಿ ಟೈಲ್ಸ್ ಮಾರುವ ಒಂದು ಕಂಪೆನಿ. ಅದರ ಆಫೀಸಿನಲ್ಲಿ ಬಾಸಿಲ್ ಇಪ್ಪತ್ತಮೂರು ವರ್ಷದಿಂದ ಗುಮಾಸ್ತ. ಅವನ ಮೇಜಿನ ಎದುರು ಪ್ರತಿ ವರ್ಷವೂ ಒಮಾನಿನ ಚಿತ್ರಗಳಿರುವ ಕ್ಯಾಲೆಂಡರು ತೂಗುತ್ತದೆ. ಜನವರಿಗೆ ಒಂದು ಕೋಟೆ, ಫೆಬ್ರವರಿಗೆ ಒಂದು ಕಡಲು, ಮಾರ್ಚಿಗೆ ಒಂದು ಒಂಟೆ. ಬಾಸಿಲ್ ತಾರೀಕು ನೋಡುವವನೇ ಹೊರತು ಚಿತ್ರ ನೋಡುವವನಲ್ಲ. ಈ ಸಲ ಸೆಪ್ಟೆಂಬರಿಗೆ ಹಾಳೆ ಮಗುಚಿದಾಗ ಮಾತ್ರ ಅವನ ಕೈ ಅಲ್ಲೇ ನಿಂತಿತು.

ಬೋಳು ಬೆಟ್ಟದ ಮೈಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ಪ್ರತಿ ಮೆಟ್ಟಿಲಿಗೂ ಕಲ್ಲಿನ ಬದು, ಊರಿನ ಮಾತಿನಲ್ಲಿ ಹುಣಿ, ಹುಣಿಯ ಒಳಗೆ ಹಸಿರೋ ಹಸಿರು, ಅಂಚಿನಲ್ಲಿ ನೀರು ಹರಿಯುವ ಕಣಿ. ಕೆಳಗೆ ಜಬಲ್ ಅಖ್ದರ್ ಎಂದು ಬರೆದಿತ್ತು.

ಕರಾವಳಿಯಲ್ಲಿ ಹುಟ್ಟಿದವನಿಗೆ ಹುಣಿ ಕಂಡು, ನೀರು ಕಂಡು, ಹಸಿರೂ ಕಂಡರೆ ಅದು ಭತ್ತವೇ. ಬೇರೆ ಏನಾದರೂ ಇದ್ದೀತು ಎಂದು ಅವನಿಗೆ ಹೊಳೆಯುವುದಿಲ್ಲ. ಬಾಸಿಲನಿಗೂ ಹೊಳೆಯಲಿಲ್ಲ. ಅವನು ಆಚೆ ಈಚೆ ನೋಡಿ, ಯಾರೂ ಇಲ್ಲವೆಂದು ತಿಳಿದು, ಚಿತ್ರದ ಮೇಲೆ ಬೆರಳಿಟ್ಟು ಸವರಿದ.

ಅವನಿಗೆ ಭತ್ತ ಬೇಕಿತ್ತು. ಸೆಪ್ಟೆಂಬರ್ ಎಂಟಕ್ಕೆ ಮೊಂತಿ ಹಬ್ಬ. ಮರಿಯಮ್ಮನವರು ಹುಟ್ಟಿದ ದಿನ, ಮಂಗಳೂರಿನ ಕ್ರೈಸ್ತರಿಗೆ ಹೊಸ ತೆನೆಯ ಹಬ್ಬ. ಆಶೀರ್ವಾದವಾದ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೆ ಹಾಕಿ ಮನೆಯವರೆಲ್ಲ ಕುಡಿಯಬೇಕು. ದೂರದೇಶದಲ್ಲಿ ಇರುವವರಿಗೂ ಪಾಲು ತಪ್ಪಬಾರದು. ಹಾಗಾಗಿ ಇಪ್ಪತ್ತಮೂರು ವರ್ಷವೂ ಬಾಸಿಲನ ತಾಯಿ, ಎಲ್ಲಕ್ಕಿಂತ ಮೊದಲು ಕದಿರು ಬಿಡುವ ಮೂಲೆ ಗದ್ದೆಯಿಂದ ಮೂರು ತೆನೆ ಕೊಯ್ದು, ಕಂದು ಕವರಿನಲ್ಲಿ ಹಾಕಿ, ಮಸ್ಕತ್ತಿಗೆ ಹೊರಟವರ ಕೈಯಲ್ಲಿ ಕೊಟ್ಟು ಕಳುಹಿಸುತ್ತಿದ್ದರು. ಕವರಿನ ಮೇಲೆ ಪ್ರತಿ ಸಲವೂ ಒಂದೇ ಸಾಲು. ಅದನ್ನು ಬಾಸಿಲ್ ಎಷ್ಟು ಸಲ ನೋಡಿದ್ದನೆಂದರೆ, ಹಾಲಿನ ಪ್ಯಾಕೆಟ್ಟಿನ ಅಕ್ಷರದ ಹಾಗೆ, ಈಗ ಓದುವುದನ್ನೇ ಬಿಟ್ಟಿದ್ದ.

ತಾಯಿ ಜೂನಿನಲ್ಲಿ ತೀರಿಕೊಂಡರು. ಈ ವರ್ಷ ಕವರು ಬರುವುದಿಲ್ಲ.

"ಚರ್ಚಿನಲ್ಲಿ ಎಲ್ಲರಿಗೂ ಒಂದೊಂದು ತೆನೆ ಕೊಡ್ತಾರಲ್ಲ, ಅದು ಸಾಕು ನಮಗೆ," ಎಂದಳು ಹೆಂಡತಿ ಜೇನ್. ಅವಳು ಒಂದು ಕ್ಲಿನಿಕ್ಕಿನಲ್ಲಿ ನರ್ಸ್.

"ಅದು ಚರ್ಚಿನದ್ದು," ಎಂದ ಬಾಸಿಲ್. "ಮನೆಯದ್ದು ಬೇರೆ." ಅಷ್ಟು ಹೇಳಿ ಎದ್ದು ಹೋದ. ತಾಯಿಯ ಸುದ್ದಿ ಬಂದರೆ ಅವನು ಯಾವಾಗಲೂ ಹೀಗೆಯೇ ಎದ್ದು ಹೋಗುತ್ತಿದ್ದ. ಊರಿಗೆ, ತಾಯಿಯ ಮಣ್ಣಿಗೆ ಹೋಗಿ ಬಂದವನು ಒಂದು ಹನಿ ಕಣ್ಣೀರು ಹಾಕಿರಲಿಲ್ಲ, ಯಾರ ಹತ್ತಿರವೂ ಒಂದು ಮಾತು ಆಡಿರಲಿಲ್ಲ.

ಜಬಲ್ ಅಖ್ದರಿಗೆ ಸಣ್ಣ ಕಾರು ಬಿಡುವುದಿಲ್ಲ. ಬೆಟ್ಟದ ಬುಡದಲ್ಲಿ ಪೊಲೀಸರ ಚೌಕಿ ಇದೆ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಎಳೆತ ಇರುವ ಗಾಡಿಯೇ ಆಗಬೇಕು. ಅಂಥ ಗಾಡಿ ಇದ್ದದ್ದು ಅದೇ ಕಟ್ಟಡದ ಕೆಳಗಿನ ಮನೆಯ ಝಕರಿಯಾನ ಹತ್ತಿರ. ಉಳ್ಳಾಲದ ಬ್ಯಾರಿ ಮುಸ್ಲಿಮ, ಗ್ಯಾರೇಜಿನ ಯಜಮಾನ, ಎಲ್ಲರಿಗೂ ಝಕರಿಯಾಕ, ಅಂದರೆ ಝಕರಿಯಾ ಅಣ್ಣ. ಗಾಡಿ ಹಳೆಯ ಪ್ರಾಡೊ.

"ಝಕರಿಯಾಕ, ಶುಕ್ರವಾರ ನಿಮ್ಮ ಗಾಡಿ ಸಿಗ್ತದಾ?"

"ಎಲ್ಲಿಗೆ?"

"ಸುಮ್ಮನೆ. ಗುಡ್ಡ ನೋಡ್ಲಿಕ್ಕೆ."

ಝಕರಿಯಾ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟ. ಇಪ್ಪತ್ತಮೂರು ವರ್ಷದಲ್ಲಿ ಮನೆ, ಆಫೀಸು, ಚರ್ಚು ಬಿಟ್ಟು ನಾಲ್ಕನೆಯ ಜಾಗಕ್ಕೆ ಹೋಗದ ಮನುಷ್ಯ. ಕಟ್ಟಡದವರೆಲ್ಲ ಕಡಲಿಗೆ ಹೋದಾಗ ಮೇಲೆ ಕೂತು ವಿದ್ಯುತ್ ಬಿಲ್ಲು ಓದಿದವನು.

"ಯಾರೊಟ್ಟಿಗೆ?"

"ಒಬ್ಬನೇ."

"ಆರೋಗ್ಯ ಎಲ್ಲ ಸರಿ ಉಂಟಲ್ಲ ಬಾಸಿಲರೇ?"

"ಉಂಟು."

ಝಕರಿಯಾ ಆ ಸಂಜೆಯೇ ಮೇಲಿನ ಮನೆಯ ಅಂಗಾರನ ಬಾಗಿಲು ಬಡಿದ. ಅಂಗಾರ ಎಸಿ ರಿಪೇರಿ ಮಾಡುವವ, ಅವನ ಹೆಂಡತಿ ಕುಸುಮ. ಇಬ್ಬರೂ ಕಾರ್ಕಳದ ಕಡೆಯ ತುಳುವರು. ಮೂವರೂ ಪಿಸುಪಿಸು ಮಾತಾಡಿದರು. ತಾಯಿ ಸತ್ತು ಮೂರು ತಿಂಗಳಾಗಿಲ್ಲ, ಅತ್ತಿಲ್ಲ, ಮಾತಿಲ್ಲ, ಈಗ ಒಬ್ಬನೇ ಎತ್ತರದ ಗುಡ್ಡಕ್ಕೆ ಹೋಗುತ್ತಾನಂತೆ. ಅಲ್ಲಿ ಅಂಚಿನಿಂದ ಕೆಳಗೆ ನೋಡಿದರೆ ತಳ ಕಾಣುವುದಿಲ್ಲವಂತೆ.

"ಒಬ್ಬರನ್ನೇ ಬಿಡುವುದು ಬೇಡ," ಎಂದಳು ಕುಸುಮ. "ನಾವೂ ಹೋಗುವ. ಕೇಳಿದ್ರೆ, ನಮಗೂ ಗುಡ್ಡ ನೋಡ್ಬೇಕಿತ್ತು ಅಂತ ಹೇಳುವ."

ಹಾಗೆ ಶುಕ್ರವಾರ ಬೆಳಿಗ್ಗೆ ಐದಕ್ಕೆ, ಒಂದು ಚೀಲ ಹಿಡಿದು ಕೆಳಗಿಳಿದ ಬಾಸಿಲನಿಗೆ ಗಾಡಿಯಲ್ಲಿ ಆಗಲೇ ಮೂರು ಜನ ಕೂತದ್ದು ಕಂಡಿತು. ಸ್ಟಿಯರಿಂಗ್ ಹಿಡಿದು ಝಕರಿಯಾ. ಪಕ್ಕದಲ್ಲಿ ಕುಸುಮ, ತಿರುವು ಬಂದರೆ ಅವಳಿಗೆ ವಾಂತಿ, ಆದುದರಿಂದ ಮುಂದಿನ ಸೀಟು ಅವಳದ್ದೇ. ಕೈಯಲ್ಲಿ ಲಿಂಬೆಹಣ್ಣು, ಮಡಿಲಲ್ಲಿ ಪ್ಲಾಸ್ಟಿಕ್ ಕವರುಗಳು. ಹಿಂದೆ ಅಂಗಾರ, ಫೋನಿನಲ್ಲಿ ನೋಡಬೇಕಾದ ಜಾಗಗಳ ಪಟ್ಟಿ ತೆರೆದುಕೊಂಡು.

"ಬನ್ನಿ ಪೊರ್ಬುಗಳೇ," ಎಂದ ಅಂಗಾರ. ಕ್ರೈಸ್ತರನ್ನು ಕರೆಯುವ ಊರಿನ ರೂಢಿಯಂತೆ ಅವನು ಬಾಸಿಲನನ್ನು ಕರೆಯುವುದೇ ಹಾಗೆ. "ನಿಜ್ವಾ ಕೋಟೆ, ಜಬಲ್ ಅಖ್ದರ್, ಬರುವಾಗ ಬಹಲಾ ಕೋಟೆ. ಒಂದೇ ದಿನದಲ್ಲಿ ಖಲಾಸ್."

"ನನಗೆ ಗುಡ್ಡ ಒಂದು ಸಾಕಿತ್ತು," ಎಂದ ಬಾಸಿಲ್, ಹಿಂದಿನ ಸೀಟಿಗೆ ಹತ್ತಿ ಕೂತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಝಕರಿಯಾ ಬಾಗಿಲುಗಳಿಗೆ ಒಳಗಿನಿಂದಲೇ ಲಾಕ್ ಹಾಕಿದ.

ನಿಜ್ವಾಕ್ಕೆ ತಲುಪುವಾಗ ಏಳು ಗಂಟೆ. ಅಲ್ಲಿ ಶುಕ್ರವಾರ ಬೆಳಿಗ್ಗೆ ಆಡಿನ ಸಂತೆ. ಝಕರಿಯಾನ ಮಗಳು ಮುಫೀದಾ ಸೋಮವಾರ ಹೆಣ್ಣು ಹೆತ್ತಿದ್ದಳು. ಏಳನೆಯ ದಿನ, ಅಂದರೆ ಭಾನುವಾರ, ಮಗುವಿಗೆ ಹೆಸರಿಡುವುದು. ಅದಕ್ಕೊಂದು ಆಡು ಆಗಬೇಕು.

"ಹತ್ತೇ ನಿಮಿಷ ಬಾಸಿಲರೇ."

ಹತ್ತು ನಿಮಿಷ ಒಂದೂವರೆ ಗಂಟೆಯಾಯಿತು. ಜನ ವೃತ್ತದಲ್ಲಿ ನಿಲ್ಲುತ್ತಾರೆ, ಮಾರುವವರು ಆಡಿನ ಹಗ್ಗ ಹಿಡಿದು ಮದುಮಗಳ ಮೆರವಣಿಗೆಯ ಹಾಗೆ ಸುತ್ತು ಬರುತ್ತಾರೆ. ಝಕರಿಯಾ ಪ್ರತಿ ಆಡಿನ ಹಲ್ಲು ನೋಡಿದ, ಸೊಂಟ ಹಿಚುಕಿದ, ತಲೆ ಅಲ್ಲಾಡಿಸಿದ. ಕೊನೆಗೆ ಒಂದು ಕಂದು ಆಡು ಒಪ್ಪಿಗೆಯಾಯಿತು. ಉದ್ದ ಗಡ್ಡ, ಅರ್ಧ ಮುಚ್ಚಿದ ಕಣ್ಣು. ಅದು ಬಾಸಿಲನನ್ನು, ಅರ್ಜಿಯಲ್ಲಿ ಒಂದು ಸಹಿ ಕಡಿಮೆ ಇದೆ ನಾಳೆ ಬಾ ಎನ್ನುವ ಅಧಿಕಾರಿಯ ಹಾಗೆ ನೋಡಿತು. ಸೀಟಿನ ಹಿಂದೆ ಸಾಮಾನು ಇಡುವ ಜಾಗದಲ್ಲಿ ಅದನ್ನು ನಿಲ್ಲಿಸಿದರು. ನಿಂತದ್ದೇ ಅದು ಬಾಸಿಲನ ಸೀಟಿನ ಮೇಲೆ ಗಲ್ಲ ಇಟ್ಟಿತು.

ಇನ್ನು ಕೋಟೆ. ದೊಡ್ಡ ದುಂಡು ಬುರುಜು, ಒಳಗೆ ಕಿರಿದಾದ ಮೆಟ್ಟಿಲು. ಅಂಗಾರ ಫೋನು ನೋಡಿ ಓದಿದ: ಬಾಗಿಲ ಮೇಲಿನ ಈ ತೂತಿನಿಂದ ಹಿಂದಿನವರು ಖರ್ಜೂರದ ಕುದಿಯುವ ಪಾಕವನ್ನು ವೈರಿಗಳ ತಲೆಗೆ ಹೊಯ್ಯುತ್ತಿದ್ದರು.

"ಅಷ್ಟು ಪಾಕವಾ? ದಂಡ," ಎಂದಳು ಕುಸುಮ. "ಎಷ್ಟು ಪಾಯಸ ಆಗ್ತಿತ್ತು."

ಬುರುಜಿನ ನೆತ್ತಿಗೆ ಬಂದಾಗ ಸುತ್ತಲೂ ಖರ್ಜೂರದ ತೋಟ, ಅದರಾಚೆ ಬೂದು ಬಣ್ಣದ ಬೆಟ್ಟಗಳು ಮಡಿಚಿಟ್ಟ ಕಂಬಳಿಗಳ ಹಾಗೆ. ತನ್ನ ಗದ್ದೆ ಯಾವ ಕಡೆಗಿರಬಹುದು ಎಂದು ಬಾಸಿಲ್ ಗೋಡೆಯ ಅಂಚಿಗೆ ಒಂದು ಹೆಜ್ಜೆ ಇಟ್ಟು ಬಗ್ಗಿದ. ತಕ್ಷಣ ಹಿಂದಿನಿಂದ ಮೂರು ಕೈಗಳು ಅವನ ಅಂಗಿ ಹಿಡಿದವು. ಒಂದು ಗುಂಡಿ ಕಿತ್ತು ಕೋಟೆಯಿಂದ ಕೆಳಗೆ ಹೋಯಿತು.

"ಎಂತ ಮಾಡ್ತೀರಿ?" ಎಂದ ಬಾಸಿಲ್.

"ಗಾಳಿ ಉಂಟು," ಎಂದ ಝಕರಿಯಾ.

ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಬೆಟ್ಟದ ಬುಡದ ಬಿರ್ಕತ್ ಅಲ್ ಮೌಜಿನ ಚೌಕಿಯಲ್ಲಿ ಪೊಲೀಸಿನವನು ಕಿಟಕಿಯಿಂದ ಇಣುಕಿದ. ಲಿಂಬೆ ಮೂಸುವ ಹೆಂಗಸು, ಗುಂಡಿ ಇಲ್ಲದ ಮನುಷ್ಯ, ಅವನ ಹೆಗಲ ಮೇಲೆ ಆಡಿನ ಮುಖ.

"ಮೇಲೆ ಗುಡ್ಡದ ತುಂಬ ಆಡುಗಳಿವೆ," ಎಂದ ಅವನು ಅರಬ್ಬಿಯಲ್ಲಿ. "ಜನ ಅಲ್ಲಿಂದ ಕೆಳಗೆ ತರುತ್ತಾರೆ. ನೀವು ಕೆಳಗಿನಿಂದ ಮೇಲಕ್ಕೆ ಒಯ್ಯುತ್ತಿದ್ದೀರಲ್ಲ."

"ಅದಕ್ಕೂ ಸ್ವಲ್ಪ ಊರು ನೋಡಲಿ ಅಂತ," ಎಂದ ಝಕರಿಯಾ.

ಪೊಲೀಸಿನವನು ನಗು ತಡೆದುಕೊಂಡು, ಇಳಿಯುವಾಗ ಸಣ್ಣ ಗೇರಿನಲ್ಲೇ ಇಳಿಯಿರಿ ಎಂದು ಹೇಳಿ ಕಳುಹಿಸಿದ.

ಹಿಂದಿನ ಕಾಲದಲ್ಲಿ ಈ ಬೆಟ್ಟಕ್ಕೆ ಕತ್ತೆಯ ಮೇಲೆ ಹೋಗುತ್ತಿದ್ದರು. ಈಗ ಅಗಲವಾದ ಡಾಂಬರು ರಸ್ತೆ, ಆದರೂ ಏರು ಏರೇ. ಕುಸುಮ ಎರಡು ಕವರು ತುಂಬಿಸಿದಳು. ಮೇಲೆ ತಲುಪಿ ಬಾಗಿಲು ತೆರೆದಾಗ ತಂಪು ಗಾಳಿ ಬಂದು ಮುಖಕ್ಕೆ ಬಡಿಯಿತು. ಮಬೇಲಾದಲ್ಲಿ ಬೆಂಕಿ, ಇಲ್ಲಿ ಸೆರಗು ಹೊದೆಯುವ ಚಳಿ.

ನೋಡುವ ಕಟ್ಟೆಯಲ್ಲಿ ನಿಂತರೆ ಕಣಿವೆ. ಒಂದು ಹದ್ದು ಕಾಲ ಕೆಳಗೆ ಹಾರುತ್ತಿತ್ತು. ಬೇರೆ ದೇಶದಿಂದ ಬಂದ ನಾಲ್ಕು ಜನ ಕಣಿವೆಯ ಫೋಟೊ ತೆಗೆಯುವುದು ಬಿಟ್ಟು ಆಡಿನ ಫೋಟೊ ತೆಗೆದರು. ಬಾಸಿಲನಿಗೆ ಕಣಿವೆಯೂ ಬೇಡ ಹದ್ದೂ ಬೇಡ. ಕೆಳಗಿನ ಇಳಿಜಾರಿನಲ್ಲಿ, ಮಣ್ಣಿನ ಬಣ್ಣದ ಮನೆಗಳ ಬುಡದಲ್ಲಿ, ಕ್ಯಾಲೆಂಡರು ಇತ್ತು. ಅದೇ ಮೆಟ್ಟಿಲು, ಅದೇ ಹುಣಿ, ಅದೇ ಹಸಿರು. ಮುಂದಕ್ಕೆ ಹೆಜ್ಜೆ ಇಟ್ಟ. ಮೂರು ಕೈಗಳು ಅಂಗಿ ಹಿಡಿದವು.

"ಒಂದಕ್ಕೆ ಹೋಗ್ಬೇಕು," ಎಂದ ಬಾಸಿಲ್.

ಕುಸುಮ ಕೈ ಬಿಟ್ಟಳು. "ನಾನೂ ಬರ್ತೇನೆ," ಎಂದ ಅಂಗಾರ.

"ಅಂಗಾರಣ್ಣ, ನನಗೆ ಐವತ್ತೆರಡು ವರ್ಷ. ಒಬ್ಬನೇ ಮಾಡ್ಲಿಕ್ಕೆ ಬರ್ತದೆ."

ಗೋಡೆಯ ಮರೆಗೆ ಹೋದವನು ಅಲ್ಲಿಂದ ಕಲ್ಲಿನ ಮೆಟ್ಟಿಲು ಹಿಡಿದು ಕೆಳಗೆ ಓಡಿದ. ಮೊದಲ ಗದ್ದೆಗೆ ಇಳಿದು, ಮೊಣಕಾಲೂರಿ, ಎರಡೂ ಕೈ ಹಸಿರಿನೊಳಗೆ ಹಾಕಿದ.

ಭತ್ತವಲ್ಲ. ಮೂರು ಮೂರು ಎಲೆಯ, ದನಕ್ಕೆ ಹಾಕುವ ಮೇವು. ಇನ್ನೊಂದು ಮೆಟ್ಟಿಲು ಇಳಿದ. ಅಲ್ಲೂ ಮೇವು. ಅದರ ಕೆಳಗೆ ಹೂವು ಮುಗಿದ ಗುಲಾಬಿ ಗಿಡ. ಅದರ ಕೆಳಗೆ ದಾಳಿಂಬೆ. ಬಾಸಿಲ್ ಹುಣಿಯ ಮೇಲೆ ಕೂತುಬಿಟ್ಟ. ಕಣಿಯಲ್ಲಿ ನೀರು, ನಿನ್ನ ಹಾಗೆ ಎಷ್ಟು ಜನ ಬಂದರು ಎನ್ನುವ ಹಾಗೆ, ಜುಳುಜುಳು ಹರಿಯುತ್ತಿತ್ತು.

"ಏನು ಕಳೆದುಕೊಂಡೆ?"

ಹಿಂದಿಯಲ್ಲಿ ಕೇಳಿದವನು ಒಬ್ಬ ಮುದುಕ. ಬಿಳಿ ನಿಲುವಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದ, ಕೈಯಲ್ಲಿ ಗುದ್ದಲಿ. ಯಾವುದೋ ಕಾಲದಲ್ಲಿ ಔಷಧಿಗೆ ಮುಂಬಯಿಗೆ ಹೋಗಿ ಎರಡು ತಿಂಗಳು ಕೂತು ಕಲಿತ ಹಿಂದಿಯಂತೆ.

ಗುರುತಿನವರ ಎದುರು ಬಾರದ ಮಾತು ಗುರುತಿಲ್ಲದವನ ಎದುರು ಬಂತು. ಬಾಸಿಲ್ ಹರಕು ಹಿಂದಿಯಲ್ಲಿ, ನಡುವೆ ಅರಬ್ಬಿ ಸೇರಿಸಿ, ಎಲ್ಲವನ್ನೂ ಹೇಳಿದ. ತಾಯಿ, ಮೂಲೆ ಗದ್ದೆ, ಕವರು, ಹಬ್ಬ, ಕ್ಯಾಲೆಂಡರು.

ಮುದುಕ ಮೆಲ್ಲನೆ ತಲೆ ತೂಗಿದ. "ಅಕ್ಕಿ ಇಲ್ಲಿ ಆಗುವುದಿಲ್ಲ ಮಗನೇ. ಅಕ್ಕಿ ಅಂಗಡಿಯಿಂದ. ಚೀಲದ ಮೇಲೆ ನಿಮ್ಮ ದೇಶದ ಹೆಸರೇ ಇರುತ್ತದೆ."

ಆಮೇಲೆ ಏನೋ ನೆನಪಾದವನ ಹಾಗೆ ಬಾ ಎಂದು ಕರೆದ. ತೀರ ಕೆಳಗಿನ ಮೆಟ್ಟಿಲಿನ ಮೂಲೆಯಲ್ಲಿ ಚಾಪೆಯಷ್ಟು ಜಾಗ. ಅಲ್ಲಿ ಹತ್ತಾರು ಜೋಳದ ದಂಟು, ತುದಿಯಲ್ಲಿ ಕೆಂಪು ತೆನೆ.

"ನನ್ನ ತಾಯಿ ಇದರ ರೊಟ್ಟಿ ಸುಡುತ್ತಿದ್ದಳು. ಈಗ ಯಾರೂ ತಿನ್ನುವುದಿಲ್ಲ, ಕೋಳಿಗೆ ಹಾಕುವುದು. ಆದರೂ ಪ್ರತಿ ವರ್ಷ ಒಂದು ಹಿಡಿ ಬಿತ್ತುತ್ತೇನೆ." ಸೊಂಟದಿಂದ ಚೂರಿ ತೆಗೆದು ಮೂರು ತೆನೆ ಕೊಯ್ದು ಬಾಸಿಲನ ಕೈಯಲ್ಲಿಟ್ಟ. "ಅಕ್ಕಿಯಲ್ಲ. ಆದರೆ ಹೊಸದು. ತಾಯಿಗೆ ತಿಳಿಯುತ್ತದೆ."

ಅಷ್ಟರಲ್ಲಿ ಮೇಲಿನಿಂದ ಕೂಗು ಕೇಳಿತು. "ಬಾಸಿಲರೇ." ಕಣಿವೆಯ ಆಚೆ ಬದಿಯೂ ಬಾಸಿಲರೇ ಎಂದಿತು. "ಪೊರ್ಬುಗಳೇ, ದುಡುಕಬೇಡಿ." ಕಣಿವೆಯೂ ದುಡುಕಬೇಡಿ ಎಂದಿತು. ಮನೆಗಳಿಂದ ಜನ ಹೊರಗೆ ಬಂದರು. ಅಂಗಾರ ಮೆಟ್ಟಿಲು ಹಾರಿ ಹಾರಿ ಬಂದವನು ನೀರಿನ ಕಣಿಯಲ್ಲಿ ಜಾರಿ, ಕೂತಲ್ಲೇ ಎರಡು ಗದ್ದೆ ದಾಟಿ, ಬಾಸಿಲನ ಪಾದದ ಹತ್ತಿರ ಬಂದು ನಿಂತ.

"ಇಲ್ಲಿದ್ದೀರಾ," ಎಂದ ಏದುಸಿರು ಬಿಡುತ್ತ. "ಎಂತ ಅದು ಕೈಯಲ್ಲಿ?"

ಹೇಳಬೇಕೆಂದು ಬಾಸಿಲ್ ಬಾಯಿ ತೆರೆದ. ಬಂದದ್ದು ಬೇರೆ ಮಾತು.

"ಸುಮ್ಮನೆ. ಚೆಂದ ಉಂಟು ಅಂತ."

ಮುದುಕ ಇಬ್ಬರಿಗೂ ಒಂದೊಂದು ದಾಳಿಂಬೆ ಕೊಟ್ಟು, ಮತ್ತೆ ಬನ್ನಿ ಎಂದು ಎದೆಯ ಮೇಲೆ ಕೈಯಿಟ್ಟ.

ಇಳಿಯುವಾಗ ಗಾಡಿ ಸಣ್ಣ ಗೇರಿನಲ್ಲಿ ಗುಂಯ್ ಎಂದು ಒಂದೇ ರಾಗ ಹಾಡಿತು. ಬಾಸಿಲ್ ತೆನೆಗಳನ್ನು ತೊಡೆಯ ಮೇಲೆ, ಎರಡೂ ಕೈಯಲ್ಲಿ, ಮಗುವನ್ನು ಹಿಡಿದ ಹಾಗೆ ಹಿಡಿದಿದ್ದ. ಮೂರು ತಿಂಗಳಿನಿಂದ ಸರಿಯಾಗಿ ನಿದ್ದೆ ಮಾಡದವನು. ಈಗ ಮನಸ್ಸು ಹಗುರವಾಯಿತು ನೋಡಿ, ಮೂರನೆಯ ತಿರುವಿಗೆ ಕಣ್ಣು ಮುಚ್ಚಿತು.

ಎಚ್ಚರವಾದದ್ದು ಕಿವಿಯ ಹತ್ತಿರ ಬಿಸಿ ಉಸಿರು ತಾಗಿ. ಬಾಸಿಲನ ಕೈಯಲ್ಲಿ ಮೂರು ದಂಟು ಇತ್ತು. ಬರೀ ದಂಟು. ಹೆಗಲ ಮೇಲಿನ ಬಾಯಿ ಕಟಕಟ ಅಗಿಯುತ್ತಿತ್ತು, ಕಣ್ಣು ಅರ್ಧ ಮುಚ್ಚಿಕೊಂಡೇ ಇತ್ತು.

ಬಾಸಿಲ್ ಆಡಿಗೆ ಬೈಯಲಿಲ್ಲ. ದಂಟನ್ನೇ ನೋಡುತ್ತ ಕೂತ. ಮುಂದಿನ ಕನ್ನಡಿಯಲ್ಲಿ ಕುಸುಮಳಿಗೆ ಅವನ ಮುಖ ಕಂಡಿತು.

"ಪೊರ್ಬುಗಳು ಕೂಗ್ತಿದ್ದಾರೆ," ಎಂದಳು ಮೆಲ್ಲನೆ. ಕಣ್ಣೀರು ಹಾಕುವುದಕ್ಕೆ ಅವರ ಊರಿನ ಮಾತು ಅದು.

ಝಕರಿಯಾ ಗಾಡಿ ಬದಿಗೆ ನಿಲ್ಲಿಸಿದ. ಅಂಗಾರ ತನ್ನ ಕರವಸ್ತ್ರ ಕೊಟ್ಟ. ಅದು ಕಣಿಯಲ್ಲಿ ಒದ್ದೆಯಾಗಿ ಹಿಂಡಿದರೆ ನೀರು ಬರುವಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವನು ಫೋನು ಮುಚ್ಚಿ, "ಬಹಲಾ ಕೋಟೆ ಇನ್ನೊಮ್ಮೆ ನೋಡುವ," ಎಂದ. ಅವನ ಮಟ್ಟಿಗೆ ಅದು ದೊಡ್ಡ ತ್ಯಾಗ.

ಮಬೇಲಾಕ್ಕೆ ಬರುವಾಗ ಸಂಜೆ. ಕಟ್ಟಡದಲ್ಲಿ ಆಡು ಕಟ್ಟಲು ಬೇರೆ ಜಾಗವೆಲ್ಲಿ? ಝಕರಿಯಾ ಅದನ್ನು ಎಳೆದುಕೊಂಡು ತಾರಸಿಗೆ ಹೋದ. ಕಟ್ಟಿ, ಹಾಗೆಯೇ ಮಗ್ರಿಬ್ ನಮಾಜಿಗೆ ಮಸೀದಿಗೆ ಹೋದ. ಅಂಗಾರನೂ ಕುಸುಮಳೂ ಬಾಸಿಲನನ್ನು ಮನೆಯವರೆಗೆ ಬಿಟ್ಟು, ಬಿಟ್ಟವರು ಅಲ್ಲೇ ಸೋಫಾದಲ್ಲಿ ಕೂತರು. ಡ್ಯೂಟಿ ಮುಗಿಸಿ ಬಂದಿದ್ದ ಜೇನ್ ಚಹಾ ತಂದಳು. ಮೇಜಿನ ಮೇಲೆ ಇಟ್ಟಿದ್ದ ಮೂರು ದಂಟು ನೋಡಿದಳು. ಗಂಡನ ಮುಖ ನೋಡಿದಳು. ಅವಳಿಗೆ ತಿಳಿಯಿತು.

"ಇದಕ್ಕಾ ಗುಡ್ಡಕ್ಕೆ ಹೋದದ್ದು?"

ಬಾಸಿಲ್ ಹೌದೆಂದು ತಲೆಯಾಡಿಸಿದ.

"ಎಂತಕ್ಕೆ ಜೇನ್ ಬಾಯಮ್ಮ?" ಎಂದಳು ಕುಸುಮ.

ಜೇನ್ ಹೇಳಿದಳು. ಅವಳು ಮಾಯ್ ಎಂದು ಕರೆಯುತ್ತಿದ್ದ ಅತ್ತೆಯ ಕವರು, ಮೂರು ತೆನೆ, ಈ ವರ್ಷದ ಖಾಲಿ ಹಬ್ಬ. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ಅಂಗಾರ ಚಹಾದ ಲೋಟ ಕೆಳಗಿಟ್ಟ. ಅವನೂ ಹೆಂಡತಿಯೂ ಒಬ್ಬರನ್ನೊಬ್ಬರು, ಕದ್ದು ಸಿಕ್ಕಿಬಿದ್ದವರ ಹಾಗೆ ನೋಡಿಕೊಂಡರು.

"ಹೇಳಿ," ಎಂದಳು ಕುಸುಮ ಗಂಡನಿಗೆ.

"ಪೊರ್ಬುಗಳೇ," ಎಂದ ಅಂಗಾರ. "ಒಂದು ಮಾತು ಹೇಳಬಾರದಿತ್ತಾ ನೀವು? ನಮಗೂ ಉಂಟಲ್ಲ, ಮನೆಗೆ ಕದಿರು ಕಟ್ಟುವ ಕ್ರಮ. ಇವಳು ಹಟ ಹಿಡಿದು, ನಾನು ಜೂನಿನಲ್ಲಿ ತಾರಸಿಯಲ್ಲಿ ಐದು ಬಕೆಟಿನಲ್ಲಿ ಭತ್ತ ಹಾಕಿದ್ದೇನೆ. ಟ್ಯಾಂಕಿನ ಹಿಂದೆ. ಎಸಿಯಿಂದ ಬೀಳುವ ನೀರು ಎಲ್ಲ ಒಂದು ಪೈಪಿನಲ್ಲಿ ಅಲ್ಲಿಗೇ ಬಿಟ್ಟದ್ದು. ಕಟ್ಟಡದ ಯಜಮಾನನಿಗೆ ಗೊತ್ತಾದ್ರೆ ಬೈತಾನೆ ಅಂತ ಯಾರಿಗೂ ಹೇಳಿಲ್ಲ. ಕದಿರು ಬಂದು ಬಗ್ಗಿ ನಿಂತಿದೆ."

ಬಾಸಿಲ್ ಎದ್ದು ನಿಂತ. "ಭತ್ತ?"

"ಭತ್ತ. ನಿಮ್ಮ ತಲೆಯ ಮೇಲೆಯೇ ಇತ್ತು."

ಬಾಸಿಲ್ ಅಷ್ಟು ಬೇಗ ಮೆಟ್ಟಿಲು ಹತ್ತಿದ್ದನ್ನು ಆ ಕಟ್ಟಡ ಕಂಡಿರಲಿಲ್ಲ. ಹಿಂದೆ ಅಂಗಾರ, ಅವನ ಹಿಂದೆ ಕುಸುಮ, ಜೇನ್, ಪುಸ್ತಕ ಬಿಟ್ಟು ಎದ್ದ ಮಗಳು ನಿಕೋಲ್. ಮೂರನೆಯ ಮಹಡಿಯ ತಿರುವಿನಲ್ಲಿ ಝಕರಿಯಾ ಮೇಲಿನಿಂದ ಇಳಿದು ಬರುತ್ತಿದ್ದ, ಮುಖದಲ್ಲಿ ಸಮಾಧಾನ.

"ಆಡಿನದ್ದು ಚಿಂತೆ ಇಲ್ಲ ಮಾರಾಯ್ರೆ," ಎಂದ. "ನಮಾಜಿನಿಂದ ಬಂದು ಈಗ ನೋಡಿ ಬಂದೆ, ಹೊಟ್ಟೆ ತುಂಬಿ ಮಲಗಿದೆ. ಟ್ಯಾಂಕಿನ ಹಿಂದೆ ಯಾರೋ ಪುಣ್ಯಾತ್ಮರು ಬಕೆಟಿನಲ್ಲಿ ಹುಲ್ಲು ಬೆಳೆಸಿದ್ದಾರೆ. ಅಲ್ಲೇ ಕಟ್ಟಿದೆ."

ಎಲ್ಲರೂ ಅವನನ್ನು ದಾಟಿ ಮೇಲೆ ಹೋದರು.

ಐದು ಬಕೆಟು ಸಾಲಾಗಿ ಇದ್ದವು. ಐದರಲ್ಲೂ ಪೈರು, ಸೈನ್ಯಕ್ಕೆ ಸೇರಿದವನ ತಲೆಯ ಹಾಗೆ, ಒಂದೇ ಮಟ್ಟಕ್ಕೆ ಕತ್ತರಿಸಿಹೋಗಿತ್ತು. ಐದನೆಯದರ ಪಕ್ಕದಲ್ಲಿ ಆಡು ಕಾಲು ಮಡಚಿ ಕೂತು ಮೆಲುಕು ಹಾಕುತ್ತಿತ್ತು. ಬಾಸಿಲನನ್ನು ಕಂಡು, ನಿನ್ನ ಅರ್ಜಿ ವಿಲೇವಾರಿಯಾಗಿದೆ ಎನ್ನುವ ಹಾಗೆ ನೋಡಿತು.

ವಿಷಯ ತಿಳಿದಾಗ ಝಕರಿಯಾ ತಲೆಯ ಮೇಲೆ ಕೈ ಹೊತ್ತು ಕೂತ. "ನನಗೆ ಹೇಗೆ ಗೊತ್ತಾಗ್ಬೇಕು? ನಾನು ಕಡಲ ಬದಿಯವ. ಭತ್ತ ನೋಡಿದ್ದು ಬಟ್ಟಲಿನಲ್ಲಿ, ಅನ್ನವಾದ ಮೇಲೆ."

ಬಾಸಿಲನಿಗೆ ಅವನನ್ನು ಬೈಯಲು ಬಾಯಿ ಬರಲಿಲ್ಲ. ಬೆಳಿಗ್ಗೆ ತಾನು ಮೇವನ್ನು ಕಂಡು ಭತ್ತವೆಂದು ಓಡಿದವನು. ಸಂಜೆ ಈ ಮನುಷ್ಯ ಭತ್ತವನ್ನು ಕಂಡು ಮೇವು ಎಂದಿದ್ದಾನೆ. ಲೆಕ್ಕ ಸರಿಯಾಗಿತ್ತು. ಅವನು ತಾರಸಿಯ ಕಟ್ಟೆಗೆ ಒರಗಿ ದೂರದ ಬೆಟ್ಟದ ಸಾಲನ್ನು ನೋಡಿದ. ಮೂರು ಕೈಗಳು ಬಂದು ಅಂಗಿ ಹಿಡಿದವು.

"ಬಿಡಿ," ಎಂದ ಬಾಸಿಲ್. "ನಾನು ಎಲ್ಲಿಗೂ ಹೋಗುವುದಿಲ್ಲ."

ಅಷ್ಟು ಹೊತ್ತು ಆಡಿನ ಎದುರು ಕುಕ್ಕರಗಾಲಿನಲ್ಲಿ ಕೂತಿದ್ದ ನಿಕೋಲ್, "ಡ್ಯಾಡಾ, ಲುಕ್," ಎಂದಳು. "ಇಟ್ಸ್ ಇನ್ ದಿ ಬಿಯರ್ಡ್."

ಆಡಿನ ಗಡ್ಡದಲ್ಲಿ ಭತ್ತದ ಕಾಳುಗಳು ಸಿಕ್ಕಿಕೊಂಡಿದ್ದವು. ಕುಸುಮ ಮಗುವಿನ ತಲೆಯಿಂದ ಹೇನು ಹೆಕ್ಕುವ ಹಾಗೆ ಒಂದೊಂದಾಗಿ ಬಿಡಿಸಿದಳು. ಆಡು ಗಲ್ಲ ಎತ್ತಿ ಸಹಕರಿಸಿತು. ಒಟ್ಟು ಎಂಟು ಕಾಳು. ಜೇನ್ ಕೆಳಗೆ ಹೋಗಿ ಹೋದ ವರ್ಷದ ಕಂದು ಕವರು ತಂದಳು, ಕಾಳು ಹಾಕಲಿಕ್ಕೆ. ಹಾಕುವ ಮೊದಲು ಅದರ ಮೇಲಿನ ಸಾಲು ಓದಿದಳು, ಗಟ್ಟಿಯಾಗಿ.

"ಮನೆಗೆ ಬಂದವರಿಗೆ ಮೊದಲು ಕೊಡು. ನೀನು ಕೊನೆಗೆ."

ಓದಿ ಆಡನ್ನು ನೋಡಿದಳು. ಅವಳಿಗೆ ನಗು ಶುರುವಾಯಿತು. "ಮಾಯ್ ಹೇಳಿದ ಹಾಗೇ ಆಯಿತಲ್ಲ. ಬಂದವರಿಗೆ ಮೊದಲು ಕೊಟ್ಟಾಯಿತು. ಎರಡೆರಡು ಸಲ."

ಬಾಸಿಲ್ ನಕ್ಕ. ನಗು ಎಲ್ಲೋ ನಡುವೆ ಬೇರೆಯಾಯಿತು. ಮೂರು ತಿಂಗಳಿನದ್ದೆಲ್ಲ ಒಟ್ಟಿಗೆ ಬಂತು. ಅವನು ಟ್ಯಾಂಕಿಗೆ ಹಣೆಯಿಟ್ಟು ನಿಂತ, ಯಾರೂ ತಡೆಯಲಿಲ್ಲ. ಝಕರಿಯಾ ಮಾತ್ರ ಅಂಗಿಯ ತುದಿಯನ್ನು ಹಿಡಿದೇ ಇದ್ದ, ಅಭ್ಯಾಸ ಬಲದಿಂದ.

ಆಡಿನ ತೀರ್ಮಾನ ಅಲ್ಲೇ ಆಯಿತು. "ಎರಡು ಮನೆಯ ಹೊಸತು ತಿಂದದ್ದು," ಎಂದ ಝಕರಿಯಾ. "ಇದಕ್ಕೆ ಕತ್ತಿ ಇಡ್ಲಿಕ್ಕೆ ನನ್ನ ಕೈ ಬರುವುದಿಲ್ಲ. ಮಗುವಿಗೆ ಸೀಬಿನ ಸಂತೆಯಿಂದ ಬೇರೆ ತರ್ತೇನೆ. ಇದು ಬಾಸಿಲರದ್ದು."

"ನನಗೆ ಎಂತಕ್ಕೆ ಆಡು?"

"ನಿಮ್ಮ ಜೋಳ, ನಿಮ್ಮ ಭತ್ತ. ಒಳಗೆ ಇರುವುದೆಲ್ಲ ನಿಮ್ಮದೇ."

ಭಾನುವಾರವೇ ಮೊಂತಿ ಹಬ್ಬ. ಚರ್ಚಿನಲ್ಲಿ ಆಶೀರ್ವಾದವಾದ ಮೇಲೆ ಏಳು ಕಾಳು ಪುಡಿಯಾಗಿ ಹಾಲಿಗೆ ಬಿದ್ದವು. ಮೊದಲು ಬಂದವರಿಗೆ: ಝಕರಿಯಾ, ಕುಸುಮ, ಅಂಗಾರ. ಆಮೇಲೆ ಜೇನ್, ನಿಕೋಲ್. ಪಾತ್ರೆ ಬಗ್ಗಿಸಿ ಕೊನೆಯ ಒಂದು ಗುಟುಕು ಬಾಸಿಲ್. ಆ ಸಂಜೆಯೇ ಕಟ್ಟಡದ ಯಜಮಾನ ತಾರಸಿಗೆ ಬಂದು, ಆಡು ಕಂಡು, ಶುಕ್ರವಾರದೊಳಗೆ ಇದು ಇಲ್ಲಿರಬಾರದು ಎಂದು ಹೇಳಿ ಹೋದ. ಬಕೆಟು ಅವನ ಕಣ್ಣಿಗೆ ಬೀಳಲಿಲ್ಲ. ಅವುಗಳಲ್ಲಿ ನೋಡುವಂಥದ್ದು ಏನೂ ಉಳಿದಿರಲಿಲ್ಲ.

ಆಡನ್ನು ಎಲ್ಲಿಗೆ ಕೊಡುವುದು? ಮುದುಕನ ನೆನಪು ಬಂತು. ಅವನಿಗೆ ಮೇವಿನ ಗದ್ದೆಯೇ ಇದೆ.

"ಹಾಗಾದ್ರೆ ಬಹಲಾ ಕೋಟೆಯೂ ಆಯಿತು," ಎಂದ ಅಂಗಾರ ಫೋನು ತೆರೆಯುತ್ತ.

ಶುಕ್ರವಾರ ಬೆಳಿಗ್ಗೆ ಐದಕ್ಕೆ ಬಾಸಿಲ್ ಕೆಳಗಿಳಿದ. ಎಂಟನೆಯ ಕಾಳನ್ನು ಹೊಸ ಕಂದು ಕವರಿನಲ್ಲಿ ಹಾಕಿ, ಮೇಲೆ ತಾಯಿಯ ಆ ಸಾಲನ್ನು ತನ್ನ ಕೈಯಲ್ಲೇ ಬರೆದು, ಅಂಗಿಯ ಜೇಬಿನಲ್ಲಿ ಇಟ್ಟಿದ್ದ. ಮುದುಕನ ಪಾಲು.

"ಕುಸುಮಕ್ಕ, ಈ ಸಲ ಮುಂದೆ ನಾನು ಕೂತ್ಕೊಳ್ಳಬಹುದಾ?"

ಕುಸುಮ ಪಾಪ ಎನ್ನುವ ಮುಖ ಮಾಡಿ, ಮಡಿಲಿನ ಪ್ಲಾಸ್ಟಿಕ್ ಕವರುಗಳನ್ನು ತೋರಿಸಿದಳು. ಬಾಸಿಲ್ ಹಿಂದೆ ಹೋಗಿ ಕೂತ. ಹೆಗಲ ಮೇಲೆ ಒಂದು ಗಲ್ಲ ಬಂದು ಕೂತಿತು.

ಗಾಡಿ ಹೊರಟಿತು. ಆಡು ಕಿಟಕಿಯಾಚೆಗೆ ನೋಡಲಿಲ್ಲ. ಅದು ಅವನ ಜೇಬನ್ನೇ ನೋಡುತ್ತಿತ್ತು.